ಹದಿನೇಳು ಲಕ್ಷ ಇಳಿದ ಶನಿವಾರ

ಬಜೆಟ್ ದಿನ ನಮ್ಮ ಶೋರೂಮಿಗೆ ಕಾರು ಕೊಳ್ಳಲು ಯಾರೂ ಬರುವುದಿಲ್ಲ, ಫೋನ್ ಮಾತ್ರ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಆ ಶನಿವಾರವೂ ಹಾಗೇ ಆಯಿತು. ಜೆ.ಪಿ. ನಗರದ ನಮ್ಮ ಶೋರೂಮಿನಲ್ಲಿ ಮಾರುವುದು ವಿದೇಶದಲ್ಲಿ ತಯಾರಾಗಿ ಹಡಗಿನಲ್ಲಿ ಬರುವ ಎಲೆಕ್ಟ್ರಿಕ್ ಕಾರುಗಳನ್ನು. ಮಾರುವವರು ಬೇರೆ, ನಾನು ಬೆಲೆ ಕಟ್ಟುವವಳು. ಅವರು ಗಾಜಿನ ಕೋಣೆಯಲ್ಲಿ ಕಾಫಿ ಕೊಟ್ಟು ಮಾತಾಡುತ್ತಾರೆ, ನಾನು ಒಳಗಿನ ಮೂಲೆಯಲ್ಲಿ ಎಕ್ಸೆಲ್ ತೆರೆದು ಕೂತಿರುತ್ತೇನೆ. ಲೆಕ್ಕದಲ್ಲಿ ನನ್ನ ತಪ್ಪು ಹಿಡಿದವರಿಲ್ಲ ಎಂಬ ಜಂಬ ನನಗಿತ್ತು. ಇತ್ತು ಎಂದೇ ಬರೆಯಬೇಕು.

ಬೆಲೆ ಕಟ್ಟುವುದು ಅಂದರೆ ಹೀಗೆ. ಕಾರು ಚೆನ್ನೈ ಬಂದರಿನಲ್ಲಿ ಇಳಿಯುವಾಗ ಅದರ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಐವತ್ತು ಲಕ್ಷ ಎಂದುಕೊಳ್ಳಿ. ಅದರ ಮೇಲೆ ನೂರಕ್ಕೆ ನೂರು ಆಮದು ಸುಂಕ. ಆ ಸುಂಕದ ಮೇಲೆ ಮತ್ತೆ ನೂರಕ್ಕೆ ಹತ್ತು ಸರ್ಚಾರ್ಜ್. ಅಲ್ಲಿಗೆ ಒಂದು ಕೋಟಿ ಐದು ಲಕ್ಷ. ಆ ಒಟ್ಟು ಮೊತ್ತಕ್ಕೆ ಐದು ಪರ್ಸೆಂಟ್ ಜಿಎಸ್‌ಟಿ ಹಾಕಿದರೆ ಒಂದು ಕೋಟಿ ಹತ್ತೂಕಾಲು ಲಕ್ಷ. ನಮ್ಮ ಲಾಭ, ರಸ್ತೆ ತೆರಿಗೆ, ಇನ್ಶೂರೆನ್ಸ್ ಇನ್ನೂ ಬಂದೇ ಇಲ್ಲ. ಎಲೆಕ್ಟ್ರಿಕ್ ಗಾಡಿಗೆ ರಸ್ತೆ ತೆರಿಗೆ ಇಲ್ಲವಂತಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಇಪ್ಪತ್ತೈದು ಲಕ್ಷ ದಾಟಿದ ಗಾಡಿಗೆ ಹತ್ತು ಪರ್ಸೆಂಟ್ ಇದೆ ಎಂದರೆ ನಾನೇ ಅದನ್ನು ಹಾಕಿದವಳು ಎಂಬಂತೆ ಮುಖ ನೋಡುತ್ತಾರೆ.

ಭಾಷಣ ಮುಗಿದ ಸ್ವಲ್ಪ ಹೊತ್ತಿಗೆ ಟೀವಿಯ ಕೆಳಗೆ ಅಕ್ಷರಗಳು ಓಡಿದವು. ಐಷಾರಾಮಿ ಕಾರುಗಳ ಆಮದು ಸುಂಕ ನೂರ ಇಪ್ಪತ್ತೈದರಿಂದ ಎಪ್ಪತ್ತಕ್ಕೆ ಇಳಿಕೆ. ನನಗೆ ಮೊದಲ ಗೊಂದಲ ಅಲ್ಲೇ ಶುರುವಾಯಿತು. ನಾವು ಕಟ್ಟುತ್ತಿದ್ದದ್ದು ನೂರು, ಈ ನೂರ ಇಪ್ಪತ್ತೈದು ಎಲ್ಲಿಂದ ಬಂತು? ಹುಡುಕಿದಾಗ ತಿಳಿಯಿತು, ಕಾಯಿದೆಯ ಪುಸ್ತಕದಲ್ಲಿರುವುದು ನೂರ ಇಪ್ಪತ್ತೈದು, ವಿನಾಯಿತಿ ಕಳೆದು ವಸೂಲಾಗುತ್ತಿದ್ದದ್ದು ನೂರು. ಸರಿ, ಹೇಗೂ ಈಗ ಎಪ್ಪತ್ತು ತಾನೆ ಎಂದುಕೊಂಡೆ. ಸರ್ಕಾರದ ವೆಬ್‌ಸೈಟಿನಿಂದ ಬಜೆಟ್ಟಿನ ಉದ್ದದ ಕಡತ ಇಳಿಸಿ, ಕಾರಿನ ಸಾಲು ಹುಡುಕಿ, ಎದುರಿಗೆ ಎಪ್ಪತ್ತು ಎಂದು ಬರೆದಿರುವುದನ್ನು ಕಣ್ಣಾರೆ ನೋಡಿ, ಕಡತ ಮುಚ್ಚಿದೆ. ಎಪ್ಪತ್ತು, ಅದರ ಮೇಲೆ ಸರ್ಚಾರ್ಜ್ ಏಳು, ಒಟ್ಟು ಎಪ್ಪತ್ತೇಳು. ಜಿಎಸ್‌ಟಿ ಸೇರಿಸಿದರೂ ತೊಂಬತ್ತಮೂರು ಲಕ್ಷದ ಒಳಗೇ ನಿಂತಿತು. ಹದಿನೇಳು ಲಕ್ಷದ ಮೇಲೆ ಇಳಿದಿತ್ತು.

ಕಂಪನಿಯ ಅಧಿಕೃತ ಬೆಲೆಪಟ್ಟಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ನನ್ನ ಹಾಳೆಯೇ ಆಧಾರ. ಮ್ಯಾನೇಜರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಮೊದಲು ಹುಳಿಮಾವಿನವರಿಗೆ ಹೇಳಿ ಎಂದರು. ಫೋನ್ ಮಾಡುವ ಮೊದಲೇ ಹುಳಿಮಾವಿನವರ ಫೋನ್ ಬಂತು.

ಅವರು ಹುಳಿಮಾವಿನ ಹಳೇ ಒಕ್ಕಲು ಮನೆಯವರು. ಹಿಂದೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂರು ಪಿ.ಜಿ. ಕಟ್ಟಡಗಳಿವೆ. ನಾಲ್ಕು ತಿಂಗಳ ಹಿಂದೆ ತಾಯಿಯನ್ನು ಕರೆದುಕೊಂಡು ಶೋರೂಮಿಗೆ ಬಂದಿದ್ದರು. ತಾಯಿಗೆ ಪೆಟ್ರೋಲ್, ಡೀಸೆಲ್ ವಾಸನೆ ಆಗುವುದಿಲ್ಲ. ಯಾವ ಗಾಡಿ ಹತ್ತಿದರೂ ವಾಂತಿ. ಸಾತನೂರಿನ ಹತ್ತಿರದ ಹಳ್ಳಿಯಲ್ಲಿ ಹಾಸಿಗೆ ಹಿಡಿದ ಅವರ ಅಕ್ಕ ಇದ್ದರು, ಅವರನ್ನು ನೋಡಬೇಕೆಂದು ಒಮ್ಮೆ ಹೊರಟು, ಹಾರೋಹಳ್ಳಿ ದಾಟುವುದರೊಳಗೆ ಪ್ರಜ್ಞೆ ತಪ್ಪಿ, ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದರಂತೆ. ಅಂದಿನಿಂದ ಮಗನಿಗೆ ಭಯ. ನಮ್ಮ ಡೆಮೋ ಕಾರಿನಲ್ಲಿ ಆ ತಾಯಿ ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಕೂತು ಬನ್ನೇರುಘಟ್ಟದವರೆಗೆ ಹೋಗಿ ಬಂದರು. ನಿಂಬೆಹಣ್ಣನ್ನು ಒಮ್ಮೆಯೂ ಮೂಗಿಗೆ ಹಿಡಿಯಲಿಲ್ಲ. ಇಳಿದವರೇ ಅಕ್ಕನ ಮನೆಗೆ ಯಾವತ್ತು ಹೋಗೋಣ ಎಂದು ಮಗನನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತ್ತು.

ಮಗ ಬುಕ್ ಮಾಡಿದರು, ಆದರೆ ಪೂರ್ತಿ ಒಪ್ಪಲಿಲ್ಲ. ಬಜೆಟ್ ಬರಲಿ, ಸುಂಕ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಕಾದರು. ಈಗ ಇಳಿದೇ ಬಿಟ್ಟಿತ್ತು. ಲೆಕ್ಕ ಕಟ್ಟಿದವರೇ ಬಂದು ತಾಯಿಯ ಎದುರು ಹೇಳಬೇಕು, ಮಾರುವವರ ಮಾತು ಬೇಡ ಎಂದು ಮಗ ಫೋನಿನಲ್ಲಿ ಹೇಳಿದರು. ನನಗೆ ಒಳಗೊಳಗೇ ಹಿಗ್ಗು. ಸೂಟು ಹಾಕಿದವರನ್ನು ಬಿಟ್ಟು ನನ್ನನ್ನು ಕರೆದಿದ್ದರು.

ಭಾನುವಾರ ಬೆಳಿಗ್ಗೆ ಬನಶಂಕರಿಯಿಂದ ಸ್ಕೂಟರಿನಲ್ಲಿ ಹೋದೆ. ನಡುಮನೆಯಲ್ಲಿ ತಾಯಿ, ಮಗ, ಮತ್ತೆ ಇಬ್ಬರು ಹಿರಿಯ ನೆಂಟರು ಗೋಡೆಗೆ ಒರಗಿ ಕೂತಿದ್ದರು. ಇಷ್ಟು ಜನ ಯಾಕೆ ಎಂದು ಅನ್ನಿಸಿತು, ಭಾನುವಾರವಲ್ಲವೇ ಎಂದುಕೊಂಡು ಸುಮ್ಮನಾದೆ. ಹಾಳೆ ತೋರಿಸಿ ಹೊಸ ಬೆಲೆ ಹೇಳಿದೆ. ಮಗ ತಲೆಯಾಡಿಸಿದರು. ತಾಯಿಗೆ ಬೆಲೆ ಬೇಕಿರಲಿಲ್ಲ.

"ಈ ಗಾಡೀಲಿ ನಾನು ನಮ್ಮಕ್ಕನ ಮನೆ ಸೇರ್ತೀನೇನವ್ವ?" ಎಂದರು.

"ಸೇರ್ತೀರಮ್ಮ. ಅದು ನನ್ನ ಮಾತು" ಎಂದೆ.

ಹೊರಡುವಾಗ ಕುಂಕುಮ ಕೊಟ್ಟರು. ಆಮೇಲೆ ಹರಿವಾಣದಲ್ಲಿ ವೀಳ್ಯದೆಲೆ, ಎರಡು ಇಡೀ ಅಡಿಕೆ, ಒಂದು ರೂಪಾಯಿ ನಾಣ್ಯ ಇಟ್ಟು ಎರಡೂ ಕೈಯಿಂದ ನೀಡಿದರು. ನಮ್ಮ ಕಡೆ ಯಾರ ಮನೆಗೆ ಹೋದರೂ ಹೆಂಗಸರಿಗೆ ಕುಂಕುಮ ತಾಂಬೂಲ ಇದ್ದದ್ದೇ. ನಮಸ್ಕಾರ ಮಾಡಿ ತೆಗೆದುಕೊಂಡು ಬ್ಯಾಗಿನ ಹೊರಜೇಬಿಗೆ ಹಾಕಿಕೊಂಡೆ. ಗೋಡೆಗೆ ಒರಗಿದ್ದ ಇಬ್ಬರೂ ಆಗ ಎದ್ದು ನಿಂತಿದ್ದನ್ನು ನೋಡಿದೆ, ನನ್ನನ್ನು ಕಳಿಸಿಕೊಡಲು ಎದ್ದರು ಎಂದು ತಿಳಿದೆ.

ಸೋಮವಾರ ಕಂಪನಿಯಿಂದ ಮೇಲ್ ಬಂತು. ಬೆಲೆಯಲ್ಲಿ ಯಾವುದೇ ಬದಲಾವಣೆ ಇಲ್ಲ. ಒಂದೇ ಸಾಲು. ಹಳೇ ಮೇಲ್ ತಪ್ಪಿ ಬಂದಿರಬೇಕು ಎಂದು ದಿನಾಂಕ ನೋಡಿದೆ, ಹೊಸದೇ. ಸುಂಕ ಇಳಿದರೂ ಬೆಲೆ ಇಳಿಸದೆ ಲಾಭವನ್ನು ಇವರೇ ನುಂಗುತ್ತಿದ್ದಾರೆ ಎಂದು ಸಿಟ್ಟು ಬಂತು. ನನ್ನ ಹಾಳೆಯನ್ನು ಲಗತ್ತಿಸಿ ಖಾರವಾಗಿ ಉತ್ತರ ಬರೆದೆ. ಉತ್ತರ ಬರಲಿಲ್ಲ. ಒಂದು ಪತ್ರಿಕೆ ಕಾರು ಅಗ್ಗ ಎಂದಿತ್ತು, ಇನ್ನೊಂದು ಅಗ್ಗವಾಗುವುದು ಅನುಮಾನ ಎಂದಿತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತೆರಿಗೆ ಸಲಹೆಗಾರನಾಗಿರುವ ನನ್ನ ಸಹಪಾಠಿಯನ್ನು ಕೇಳಿದರೆ, ಎಪ್ಪತ್ತು ಸರಿ, ಆದರೆ ಎಲೆಕ್ಟ್ರಿಕ್‌ಗೆ ಬೇರೆ ಯೋಜನೆ ಇದೆಯಲ್ಲ, ಹದಿನೈದು ಪರ್ಸೆಂಟ್ ಅಂತ ಓದಿದ ನೆನಪು ಎಂದು ಇನ್ನೊಂದು ಅಂಕಿ ತಂದಿಟ್ಟ. ಅದು ಇಲ್ಲಿ ಕಾರ್ಖಾನೆ ಹಾಕುವ ಕಂಪನಿಗಳಿಗೆ ಮಾತ್ರ ಎಂದು ತಿಳಿಯುವ ಹೊತ್ತಿಗೆ ಮಧ್ಯಾಹ್ನದ ಊಟ ತಪ್ಪಿತ್ತು. ನೂರ ಇಪ್ಪತ್ತೈದು, ನೂರು, ಎಪ್ಪತ್ತೇಳು, ಎಪ್ಪತ್ತು, ಹದಿನೈದು. ತಲೆಬುಡ ಅರ್ಥವಾಗದೆ ಐದನ್ನೂ ಒಂದು ಚೀಟಿಯಲ್ಲಿ ಬರೆದು ನೋಡುತ್ತಾ ಕೂತೆ.

ಅದೇ ಸಂಜೆ ಹುಳಿಮಾವಿನಿಂದ ಫೋನ್. ಗುರುವಾರ ದಿನ ಚೆನ್ನಾಗಿದೆ, ಮುಂಗಡದ ಚೆಕ್ ಕೊಡುತ್ತೇವೆ ಎಂದರು. ಕಂಪನಿಯಿಂದ ಒಂದು ಸ್ಪಷ್ಟನೆ ಬರಬೇಕು ಸಾರ್ ಎಂದು ರಾಗ ಎಳೆದೆ.

"ಇನ್ನೇನ್ ಸ್ಪಷ್ಟನೆ ಮೇಡಂ? ಅಮ್ಮ ವೀಳ್ಯ ಕೊಟ್ಟಾಯ್ತು, ನೀವು ತಗೊಂಡಾಯ್ತು. ಇಬ್ರು ದೊಡ್ಡೋರು ಕೂತಿದ್ರು. ನಮ್ಮಲ್ಲಿ ಅದಾದ್ಮೇಲೆ ಮಾತು ಬದಲಾಗಲ್ಲ" ಎಂದರು.

ಫೋನ್ ಇಟ್ಟು ಬ್ಯಾಗಿನ ಹೊರಜೇಬು ತೆರೆದೆ. ಎಲೆ ಬಾಡಿತ್ತು, ಅಡಿಕೆ ಹಾಗೇ ಇತ್ತು. ನಾನು ಬಸ್ ಟಿಕೆಟಿನ ಪಕ್ಕ ತುರುಕಿದ್ದು ತಾಂಬೂಲವಲ್ಲ, ಕರಾರುಪತ್ರ. ಎದ್ದು ನಿಂತವರು ನನ್ನನ್ನು ಬೀಳ್ಕೊಡಲು ಎದ್ದವರಲ್ಲ, ಸಾಕ್ಷಿಗಳು.

ಮಂಗಳವಾರ ಚೆನ್ನೈ ಬಂದರಿನಲ್ಲಿ ನಮ್ಮ ಕಾರುಗಳನ್ನು ಬಿಡಿಸಿಕೊಡುವ ಏಜೆಂಟರಿಗೆ ಫೋನ್ ಮಾಡಿದೆ. ವಯಸ್ಸಾದವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಾಡುವವರು. ನನ್ನ ದೊಡ್ಡ ವಿವರಣೆಯನ್ನೆಲ್ಲ ಕೇಳಿ, ಕಾರಿನ ಪಟ್ಟಿ ನೋಡಿದ ಮೇಲೆ ಕೃಷಿಯ ಪಟ್ಟಿ ನೋಡಿದೆಯಾಮ್ಮ ಎಂದು ಕೇಳಿದರು. ಕಾರಿಗೂ ಕೃಷಿಗೂ ಏನು ಸಂಬಂಧ ಎಂದೆ. ಅದನ್ನು ನನ್ನ ಕೇಳಬೇಡ, ನೋಡು ಎಂದರು.

ನೋಡಿದೆ. ಕೃಷಿ ಮೂಲಸೌಕರ್ಯ ಅಭಿವೃದ್ಧಿ ಸೆಸ್ ಎಂಬ ಶೀರ್ಷಿಕೆಯ ಕೆಳಗೆ, ಬೇರೆ ಬೇರೆ ಸರಕುಗಳ ಸಾಲಿನಲ್ಲಿ, ನಲವತ್ತು ಸಾವಿರ ಡಾಲರಿಗಿಂತ ಹೆಚ್ಚು ಬೆಲೆಯ ಮೋಟಾರು ಕಾರು. ಎದುರಿಗೆ ನಲವತ್ತು ಪರ್ಸೆಂಟ್. ಇನ್ನೊಂದು ಕಡೆ, ಇವಕ್ಕೆ ಸರ್ಚಾರ್ಜ್ ಇಲ್ಲ ಎಂದಿತ್ತು. ಎಪ್ಪತ್ತು ಮತ್ತು ನಲವತ್ತು, ನೂರ ಹತ್ತು. ಮೊದಲು ನೂರು ಮತ್ತು ಹತ್ತು, ನೂರ ಹತ್ತು. ನಂಬದೆ ಎಕ್ಸೆಲ್‌ನಲ್ಲಿ ಹಾಕಿದೆ. ಒಂದು ಕೋಟಿ ಹತ್ತೂಕಾಲು ಲಕ್ಷ. ಒಂದು ರೂಪಾಯಿ ಅತ್ತಿತ್ತ ಇಲ್ಲ. ಸುಂಕ ಮೂವತ್ತು ಇಳಿದದ್ದು ನಿಜ, ಬೆಲೆ ಇಳಿಯದೇ ಇದ್ದದ್ದೂ ನಿಜ. ಕಂಪನಿಗೆ ನಾನು ಬರೆದ ಖಾರದ ಪತ್ರ ನೆನಪಾಗಿ ಮುಖ ಮುಚ್ಚಿಕೊಂಡೆ.

ಮ್ಯಾನೇಜರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿದರು. ಕೆಟ್ಟವರಲ್ಲ, ತಿಂಗಳಿಗಿಷ್ಟು ಕಾರು ಎಂಬ ಗುರಿ ಅವರ ತಲೆಯ ಮೇಲಿತ್ತು.

"ಈಗ್ಲೇ ಹೇಳ್ಬೇಡಿ. ಗುರುವಾರ ಚೆಕ್ ಆಗ್ಲಿ. ಆಮೇಲೆ ಕಂಪನಿ ಮೇಲೆ ಹಾಕಿ ನಿಧಾನಕ್ಕೆ ಹೇಳೋಣ" ಎಂದರು.

ಬುಧವಾರವಿಡೀ ಕೆಲಸ ಮಾಡಿದಂತೆ ನಟಿಸಿದೆ. ನನ್ನನ್ನು ಕಾಡಿದ್ದು ಹದಿನೇಳು ಲಕ್ಷವಲ್ಲ. ಆ ಮಗನಿಗೆ ಅಷ್ಟು ಹೊರೆಯಾಗುತ್ತಿರಲಿಲ್ಲ, ಆದರೆ ಬೆಲೆ ಇಳಿಯಲಿಲ್ಲ ಎಂದ ಕೂಡಲೇ ಮುಂದಿನ ಸುದ್ದಿಗೆ ಕಾಯುತ್ತಿದ್ದರು. ಯಾವುದೋ ದೇಶದ ಜೊತೆ ಒಪ್ಪಂದವಂತೆ, ಆಗ ಇಳಿಯುತ್ತದಂತೆ ಎಂದು ಹೇಳುವವರು ಎಲ್ಲೆಲ್ಲೂ ಇದ್ದರು. ಹಾಸಿಗೆ ಹಿಡಿದ ಅಕ್ಕ ಒಪ್ಪಂದಕ್ಕೆ ಕಾಯುವಂತಿರಲಿಲ್ಲ. ಇದೆಲ್ಲದರ ಅಡಿಯಲ್ಲಿ ಇನ್ನೊಂದು ಸಣ್ಣ ಮಾತಿತ್ತು. ಅದು ನನಗೂ ಗೊತ್ತಿತ್ತು, ಶೋರೂಮಿನ ಎಲ್ಲರಿಗೂ ಗೊತ್ತಿತ್ತು. ವಾಸನೆ ಬರದಿರುವುದು ಕಾರು ಫಾರಿನ್ನದು ಎಂದಲ್ಲ, ಎಲೆಕ್ಟ್ರಿಕ್ ಎಂದು. ನಾಲ್ಕು ತಿಂಗಳಿಂದ ಯಾರೂ ಅದನ್ನು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಐದೂವರೆಗೆ ಸ್ಕೂಟರು ಹತ್ತಿ ಮನೆಯ ಕಡೆ ಹೋಗದೆ ಬನ್ನೇರುಘಟ್ಟ ರಸ್ತೆಗೆ ತಿರುಗಿಸಿದೆ. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ವಾಪಸ್ ಹೋಗಿಬಿಡೋಣ ಎನ್ನಿಸಿತು, ತಿರುಗಿಸಲು ಜಾಗವೇ ಇರಲಿಲ್ಲ.

ತಾಯಿ, ಮಗ ಇಬ್ಬರೂ ಇದ್ದರು. ಬಾಡಿದ ಎಲೆ, ಅಡಿಕೆ, ನಾಣ್ಯ ಎಲ್ಲವನ್ನೂ ಕರ್ಚೀಫಿನಲ್ಲಿ ಸುತ್ತಿ ತಂದಿದ್ದನ್ನು ಮುಂದಿಟ್ಟು, ನಾನು ಹೇಳಿದ ಬೆಲೆ ತಪ್ಪು ಎಂದೆ. ಮಗನ ಮುಖ ಕೆಂಪಾಯಿತು. ಪೇಪರಲ್ಲಿ ಬಂದಿದೆ, ಟೀವಿಯಲ್ಲಿ ಬಂದಿದೆ, ಹೇಗೆ ತಪ್ಪು ಎಂದು ಕೇಳಿದರು. ಸುಂಕ ಎಪ್ಪತ್ತು, ಕೃಷಿ ಸೆಸ್ ನಲವತ್ತು ಎಂದು ಬರೆದು ತೋರಿಸಿದೆ.

"ನಮ್ ಭೂಮೀಲಿ ರಾಗಿ ಬೆಳೆಯೋದು ನಿಂತು ಎಷ್ಟು ವರ್ಷ ಆಯ್ತು. ಈಗ ಕಾರು ತಗೊಂಡ್ರೆ ಕೃಷಿಗೆ ಕಟ್ಟಬೇಕಾ?" ಎಂದರು.

ನಮ್ಮ ಇಡೀ ಆಫೀಸಿಗೆ ಮೂರು ದಿನ ಹಿಡಿದದ್ದು ತಾಯಿಗೆ ಒಂದೇ ಸಲಕ್ಕೆ ಹೊಳೆಯಿತು. ಹಿಂದೆ ತಲೆಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಮಾರ್ಕೆಟ್ಟಿಗೆ ಹೋಗುವಾಗ ಸುಂಕದ ಕಟ್ಟೆಯಲ್ಲಿ ಒಬ್ಬ ಕಾಸು ಕೇಳುತ್ತಿದ್ದನಂತೆ. ಒಂದು ದಿನ ಕಟ್ಟೆ ತೆಗೆದರು, ಎಲ್ಲರೂ ಖುಷಿಪಟ್ಟರು. ಮಾರ್ಕೆಟ್ ಬಾಗಿಲಲ್ಲಿ ಇನ್ನೊಬ್ಬ ಅಷ್ಟೇ ಕಾಸಿಗೆ ಬೇರೆ ಚೀಟಿ ಕೊಟ್ಟ. ಅಂಗೇ ತಾನೆ ಎಂದು ನನ್ನನ್ನು ಕೇಳಿದರು. ಹಾಗೇ ಎಂದೆ.

ಮಗ ಎದ್ದು ಓಡಾಡಿದರು. ಹಾಗಾದರೆ ಈಗ ಬೇಡ, ಇನ್ನಾರು ತಿಂಗಳು ನೋಡೋಣ ಎಂದು ನಾನು ಹೆದರಿದ್ದ ಮಾತನ್ನೇ ಹೇಳಿದರು. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಗ ಹೇಳಿಬಿಟ್ಟೆ.

"ಅಮ್ಮ, ಅಕ್ಕನ್ನ ನೋಡೋಕೆ ಈ ಕಾರೇ ಬೇಕಿಲ್ಲ. ಇಲ್ಲೇ ಮಾಡೋ ಕರೆಂಟ್ ಗಾಡಿಗೂ ವಾಸನೆ ಇರಲ್ಲ. ಬಾಡಿಗೆಗೂ ಸಿಗತ್ತೆ."

ತಾಯಿ ತಲೆಯೆತ್ತಿದರು. "ಬಾಡಿಗೇಗಾ? ನಾಳೇನೆ ಹೋಗಬೌದಾ?"

ಮಗ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಇಂಥ ಮಾತು ಅವರಿಗೆ ಹೊಳೆದೇ ಇರಲಿಲ್ಲ. ತಾಯಿಗೆ ಒಳ್ಳೆಯದನ್ನೇ ಕೊಡಬೇಕು, ಅದು ದೊಡ್ಡದೇ ಆಗಿರಬೇಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಬಾಡಿಗೆ ಗಾಡಿಯಲ್ಲಿ ಅಕ್ಕನ ಊರಿಗೆ ಹೋದರೆ ಜನ ಏನೆಂದಾರು ಎಂದು ಸಣ್ಣ ದನಿಯಲ್ಲಿ ಹೇಳಿದರು. ತಾಯಿ ಅದಕ್ಕೆ ಕಿವಿಗೊಡಲಿಲ್ಲ.

ನಾನು ಕರ್ಚೀಫನ್ನು ಅವರ ಕಡೆ ಸರಿಸಿದೆ. ವೀಳ್ಯ ವಾಪಸ್ ತಗೊಳ್ಳಿ, ನನ್ನಿಂದ ಮಾತು ಉಳಿಸಲಾಗಲಿಲ್ಲ ಎಂದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ರೇಟಿನ ಮಾತು ನಿಂದೂ ನನ್ ಮಗಂದೂ. ಅಕ್ಕನ ಮನೆ ಸೇರಿಸ್ತೀನಿ ಅಂತ ನಂಗೆ ಅಂದಿದ್ದೆ, ಅದಕ್ಕೆ ವೀಳ್ಯ ಕೊಟ್ಟಿದ್ದು. ತಗೊಂಡೋಳು ನೀನು, ನೀನೂ ಬಾ" ಎಂದರು.

ಮರುದಿನ ಚೆಕ್ ಬರಲಿಲ್ಲ. ಬುಕಿಂಗ್ ರದ್ದಾಯಿತು. ಮ್ಯಾನೇಜರಿಗೆ ನಾನೇ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ, ಎರಡು ತಿಂಗಳು ಮಾತು ಬಿಟ್ಟರು, ಆ ವರ್ಷದ ಇನ್ಸೆಂಟಿವ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದೇ ಗುರುವಾರ ಮಧ್ಯಾಹ್ನ ಕೂತು ಬಾಡಿಗೆ ಎಲೆಕ್ಟ್ರಿಕ್ ಗಾಡಿ ಹುಡುಕಿದೆ. ಏರ್‌ಪೋರ್ಟಿಗೆ ಓಡಿಸುವವರು ಊರಾಚೆ ಬರುವುದಿಲ್ಲ ಎಂದರು. ಇನ್ನೊಬ್ಬರು ದಾರಿಯಲ್ಲಿ ಚಾರ್ಜಿಂಗ್ ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ಕೊನೆಗೆ ಮಡಿವಾಳದ ಟ್ಯಾಕ್ಸಿಯವರೊಬ್ಬರು, ನೂರೈವತ್ತು ಕಿಲೋಮೀಟರ್ ತಾನೆ, ಎ.ಸಿ. ಹಾಕಿದ್ರೂ ಹೋಗಿ ಬರತ್ತೆ ಅಕ್ಕ ಎಂದು ಒಪ್ಪಿದರು. ನನ್ನ ಎಕ್ಸೆಲ್‌ನಲ್ಲಿ ಹಾಕಿ ನೋಡಿಯೇ ನಂಬಿದೆ. ಶುಕ್ರವಾರಕ್ಕೆ ರಜೆ ಬರೆದುಕೊಟ್ಟೆ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಮಗ ಮುಂದಿನ ಸೀಟಿನಲ್ಲಿ ಮುಖ ಬಿಗಿದು ಕೂತಿದ್ದರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಹಿಂದೆ ನಾನು, ತಾಯಿ, ನಮ್ಮ ನಡುವೆ ಬಾಳೆಹಣ್ಣಿನ ಚೀಲ. ಅವರ ಕೈಯಲ್ಲಿ ನಿಂಬೆಹಣ್ಣು. ರಸ್ತೆಯ ಪ್ರತಿ ಉಬ್ಬಿಗೂ ನಾನು ಅವರ ಮುಖ ನೋಡುತ್ತಿದ್ದೆ. ವಾಸನೆಯಿಂದಲ್ಲದೆ ಅಲುಗಾಟದಿಂದ ವಾಂತಿ ಬರುವುದಾಗಿದ್ದರೆ? ಅಷ್ಟು ದುಡ್ಡು ಕೊಟ್ಟು ಕೊಳ್ಳುವ ಕಾರಿನ ಆ ಮೆತ್ತನೆಯ ಸಸ್ಪೆನ್ಷನ್ನೇ ಅಂದು ಅವರನ್ನು ಕಾಪಾಡಿದ್ದಾಗಿದ್ದರೆ? ಹಾಗಾದರೆ ನಾನು ಎರಡನೇ ಸಲ ತಪ್ಪು ಲೆಕ್ಕ ಕೊಟ್ಟಂತೆ. ಹಾರೋಹಳ್ಳಿ ಬಂತು. ತಾಯಿ ಕಣ್ಣು ಮುಚ್ಚಿದರು. ಮಗ ಹಿಂದೆ ತಿರುಗಿ, ನಿಲ್ಲಿಸಬೇಕೇನಮ್ಮ ಎಂದರು. ಬೇಡ ಎಂದು ಕೈಯಾಡಿಸಿದರು. ಹಾರೋಹಳ್ಳಿ ದಾಟಿತು. ಸ್ವಲ್ಪ ದೂರ ಹೋದ ಮೇಲೆ ಕಣ್ಣು ಬಿಟ್ಟು, ಇಲ್ಲೆಲ್ಲ ಹುಣಸೆಮರ ಇದ್ದವು ಎಂದರು. ಆಮೇಲೆ ಕನಕಪುರದವರೆಗೂ ಮಾತು ನಿಲ್ಲಲಿಲ್ಲ.

ಅಕ್ಕನ ಮನೆ ಊರ ಬಾಗಿಲಲ್ಲೇ ಇತ್ತು. ನಡುಮನೆಯಲ್ಲಿ ಹಗ್ಗದ ಮಂಚ. ಅದರ ಮೇಲೆ ಕಂಬಳಿ ಹೊದ್ದು ಮಲಗಿದ್ದವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ತಂಗಿ ಪಕ್ಕದಲ್ಲಿ ಕೂತು ಕೈ ಹಿಡಿದರು. ಆ ಕೈಯನ್ನು, ಬಳೆಯನ್ನು, ಮೊಣಕೈಯ ಹಳೇ ಗಾಯದ ಗುರುತನ್ನು ತಡವಿ ನೋಡಿ ಅಕ್ಕ ಗುರುತು ಹಿಡಿದರು.

"ದಾರೀಲಿ ವಾಂತಿ ಆಯ್ತೇನೇ?" ಎಂಬುದೇ ಮೊದಲ ಮಾತು.

"ಇಲ್ಲ ಕಣಕ್ಕ. ಒಂದ್ ಸಲಾನೂ ಇಲ್ಲ" ಎಂದು ತಾಯಿ ಇಡೀ ನಿಂಬೆಹಣ್ಣನ್ನು ಅಕ್ಕನ ಅಂಗೈಯಲ್ಲಿಟ್ಟರು.

ಇಬ್ಬರೂ ಅತ್ತರು. ನಾನು ಕಿಟಕಿಯ ಕಡೆ ಹೋಗಿ ನಿಂತೆ. ಟ್ಯಾಕ್ಸಿಯವರು ಹೊರಗೆ ಊರಿನವರಿಗೆ ಬಾನೆಟ್ ತೆಗೆದು ತೋರಿಸುತ್ತಿದ್ದರು. ಒಳಗೆ ಅಳು ನಿಂತ ಮೇಲೆ ಅಕ್ಕ ಹಣ್ಣನ್ನು ಬೆರಳಲ್ಲಿ ಉರುಳಿಸುತ್ತಾ, ಇಷ್ಟು ಸಲೀಸಾಗಿ ಬರುವುದಾಗಿದ್ದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು.

ಮಗ ಬಾಗಿಲ ಕಡೆ ನೋಡಿದರು. ನಾನು ನೆಲ ನೋಡಿದೆ. ತಾಯಿ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ ಅಕ್ಕನ ಕಡೆ ತಿರುಗಿದರು.

"ಬಜೆಟ್ ಬರ್ಲಿ ಅಂತ ಕಾಯ್ತಿದ್ವಿ ಕಣಕ್ಕ" ಎಂದರು.